ಮೈತ್ರಿಯ ಕೈ, ಅಜ್ಜನ ಮೀನು

ಮೈತ್ರಿ, ಶ್ರೀಶ, ಬೋಳಾರದ ನಮ್ಮ ಮನೆಯ ಚಾವಡಿಯಲ್ಲಿ ನೀವಿಬ್ಬರೂ ಮೀನಿನ ಟ್ಯಾಂಕಿಗೆ ಮೂಗು ಒತ್ತಿ ನಿಲ್ಲುತ್ತಿದ್ದ ದಿನಗಳ ಕಥೆ ಇದು. ಆಗ ಮೈತ್ರಿಗೆ ಒಂಬತ್ತು, ಶ್ರೀಶನಿಗೆ ಐದು. ನಿಮ್ಮ ಬಾಲ್ಯವನ್ನು ಅಜ್ಜಿ ಯಾಕೆ ಬರೆಯಬೇಕು ಎಂದು ಕೇಳಬಹುದು. ಜಡಿಮಳೆಯ ಆ ಆಟಿ ತಿಂಗಳ ಬಗ್ಗೆ ನಿಮಗೆ ನೆನಪಿರುವುದು ನಿಜವಲ್ಲ. ಅದನ್ನು ನಿಜವೆಂದು ನಂಬಲು ಬಿಟ್ಟವಳು ನಾನು. ನಾಲ್ಕು ಜನರೆದುರು ಬಾಯಿ ತೆರೆಯುವುದು ನನಗೆ ಇಂದಿಗೂ ಆಗುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಉಂಟಲ್ಲ, ಅದರ ಧೈರ್ಯದಿಂದ ಬರೆಯುತ್ತೇನೆ.

ಅಜ್ಜ ದೇವಸ್ಥಾನದ ಪರಿಚಾರಕ ಕೆಲಸದಿಂದ ಬಿಡುಗಡೆಯಾದ ವರ್ಷ ಆ ಟ್ಯಾಂಕ್ ತಂದರು. ಏಳು ಗೋಲ್ಡ್ ಫಿಶ್. ವಾರಕ್ಕೊಮ್ಮೆ ಎರಡು ಬಕೆಟ್ ನೀರು ತೆಗೆದು ಬಾವಿಯ ನೀರು ತುಂಬಿಸುವರು. ಫಿಲ್ಟರಿನ ಒಳಗಿನ ಸ್ಪಂಜನ್ನು ಮಾತ್ರ ಒಳ್ಳೆಯ ನೀರಿಗೆ ತೋರಿಸುತ್ತಲೇ ಇರಲಿಲ್ಲ. ತೆಗೆದ ಹಳೆಯ ನೀರಿನಲ್ಲೇ ಒಂದು ಸಲ ಹಿಂಡಿ ಹಾಗೆಯೇ ಒಳಗಿಡುವರು. ಅದಕ್ಕೆ ಗದ್ದೆಯ ಕೆಸರಿನ ವಾಸನೆ. ತೊಳೆದು ಕೊಡಲೇ ಎಂದು ಒಮ್ಮೆ ಕೇಳಿದ್ದೆ. ಮುಟ್ಟಬೇಡ ಎಂದರು. ಯಾಕೆಂದು ಹೇಳಲಿಲ್ಲ. ಯಾವುದಕ್ಕೂ ಕಾರಣ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಮಡಿ ಉಟ್ಟು ಪೂಜೆ ಮಾಡುವ ಮನುಷ್ಯನಿಗೆ ಈ ಕೊಳಕು ಹೇಗೆ ಸೇರುತ್ತದೋ ಎಂದು ನಾನು ಒಳಗೊಳಗೇ ಹೇಸುತ್ತಿದ್ದೆ.

ಮೈತ್ರಿ, ನೀನು ನೀರಿಗೆ ಬೆರಳು ಅದ್ದಿದರೆ ಆ ಏಳೂ ಬಂದು ಚೀಪುತ್ತಿದ್ದವು. ಆ ಮನೆಯಲ್ಲಿ ನಿನ್ನ ಕೈ ತಾಗದ ವಸ್ತು ಇರಲಿಲ್ಲ. ದೋಸೆ ಹಿಟ್ಟಿಗೂ ಕೈ, ಅಂಗಳದ ಕೆಸರಿಗೂ ಕೈ, ಪಕ್ಕದ ಮನೆಯ ಬೆಕ್ಕಿನ ಮರಿಯ ಬಾಯಿಗೂ ಕೈ. ನೀನು ಊರಿದ ಮಲ್ಲಿಗೆ ಕಡ್ಡಿ ಚಿಗುರುತ್ತಿತ್ತು, ನೀನು ಹೆಪ್ಪು ಹಾಕಿದ ಮೊಸರು ಗಟ್ಟಿಯಾಗುತ್ತಿತ್ತು. ಇವಳ ಕೈಗುಣ ನೋಡಿ ಎಂದು ಅಜ್ಜ ಬಂದವರಿಗೆಲ್ಲ ನಿನ್ನ ಅಂಗೈ ಬಿಡಿಸಿ ತೋರಿಸುವರು.

ಆ ಆಟಿಯಲ್ಲಿ ಅಜ್ಜನಿಗೆ ಜ್ವರ ಬಂದು ಎದೆಗೆ ಇಳಿಯಿತು. ಕೊನೆಯ ದಿನ ಅವರು ನಿನ್ನ ಕೈಯಿಂದಲೇ ನೀರು ಬೇಕೆಂದರು. ನೀನು ತುಳಸಿ ನೀರು ಹಾಕಿದೆ. ಎರಡು ಚಮಚ ಒಳಗೆ ಹೋಯಿತು. ಮೂರನೆಯದು ಕೆನ್ನೆಯ ಮೇಲೆ ಹರಿಯಿತು. ಪಕ್ಕದಲ್ಲಿ ಕಾಟಿಪಳ್ಳದ ಅಜ್ಜಿ ಕೂತಿದ್ದರು. ಅಜ್ಜನ ಅಕ್ಕ, ನನಗೆ ಅತ್ತಿಗೆ. ಮದುವೆಯಾಗಿ ಬಂದಂದಿನಿಂದ ನಾನು ಅವರಿಗೆ ಎದುರು ಮಾತಾಡಿದವಳಲ್ಲ.

ಹನ್ನೊಂದನೆಯ ದಿನ ಶುದ್ಧ. ಗಂಡಸರು ಕ್ರಿಯೆಗೆ ಹೋಗಿದ್ದರು, ಹೆಂಗಸರು ಹಿತ್ತಲಿನಲ್ಲಿ ಬಟ್ಟೆ ಪಾತ್ರೆ ತೊಳೆಯುತ್ತಿದ್ದರು. ಸೂತಕದ ಮನೆಯಲ್ಲಿ ಕೂಡಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಟ್ಯಾಂಕಿನ ನೀರೂ ಕೂಡಿಟ್ಟ ನೀರೇ ಅಲ್ಲವೇ ಎಂದು ನನಗೆ ತೋರಿತು. ಯಾರೂ ಹೇಳಿದ್ದಲ್ಲ. ಮೀನುಗಳನ್ನು ಬಕೆಟಿಗೆ ಹಾಕಿ ನೀರನ್ನು ತಳದವರೆಗೆ ಖಾಲಿ ಮಾಡಿದೆ. ಕಲ್ಲುಗಳನ್ನು ಉಜ್ಜಿದೆ. ಆಮೇಲೆ ಆ ಸ್ಪಂಜು. ಬಚ್ಚಲಿನ ಹಂಡೆಯಿಂದ ಕುದಿವ ನೀರು ತೆಗೆದು, ತಿಳಿನೀರು ಬರುವವರೆಗೆ ಮೂರು ಸಲ ಹಿಂಡಿದೆ. ಇನ್ನು ಬೇಡ ಎನ್ನುವವರು ಯಾರೂ ಇಲ್ಲ ಎಂದು ಆ ಹೊತ್ತಿನಲ್ಲಿ ಅನ್ನಿಸಿತು. ನೀರು ಬದಲಿಸಿದ್ದು ಎಲ್ಲರಿಗೂ ಗೊತ್ತಾಯಿತು. ಸ್ಪಂಜಿನ ವಿಷಯ ಯಾರಿಗೂ ತಿಳಿಯಲಿಲ್ಲ.

ಟ್ಯಾಂಕ್ ಅಷ್ಟು ಸ್ವಚ್ಛ ಇದ್ದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಗಾಜಿನ ಮೂಲಕ ಆಚೆ ಗೋಡೆಯ ಕ್ಯಾಲೆಂಡರಿನ ಅಂಕಿ ಓದಬಹುದಿತ್ತು. ಮೂರನೆಯ ದಿನ ಒಂದು ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯತೊಡಗಿತು. ಕಿವಿರು ಕೆಂಪಾಗಿತ್ತು. ಮಧ್ಯಾಹ್ನದೊಳಗೆ ಸತ್ತಿತು. ಮರುದಿನ ಇನ್ನೆರಡು. ನೀರಿಗೆ ಒಂದಿಷ್ಟೂ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ. ಉಳಿದ ನಾಲ್ಕು ಮೀನುಗಳೂ ಒಂದು ಮೂಲೆಯಲ್ಲಿ ರೆಕ್ಕೆ ಮಡಚಿ ಒಟ್ಟಿಗೆ ನಿಂತಿದ್ದವು.

"ಅಜ್ಜ ಕರೀತಿದ್ದಾರಾ ಅವುಗಳನ್ನು?" ಎಂದು ಶ್ರೀಶ ಕೇಳಿದ.

ಅತ್ತಿಗೆ ತಗತೆ ಸೊಪ್ಪು ಸೋಸುತ್ತಾ, ತಲೆ ಎತ್ತದೆ ಹೇಳಿದರು. "ತಮ್ಮನಿಗೆ ನೀರು ಕುಡಿಸಿದ್ದು ಇವಳು. ಮೀನಿಗೆ ಕಾಳು ಹಾಕುದೂ ಇವಳೇ. ಕೈಗುಣ ತಿರುಗಿತು ಅಂತ ಕಾಣ್ತದೆ."

ನೀನು ಬಾಗಿಲ ಹಿಂದೆ ಇದ್ದೆ. ಅಂಗೈ ಬಿಡಿಸಿ ನೋಡಿಕೊಂಡದ್ದನ್ನು ನಾನು ನೋಡಿದೆ.

ಆ ಸಂಜೆ ಸಾಕುಮೀನಿನ ಅಂಗಡಿಯ ಹಮೀದ್ ನಮ್ಮನ್ನು ಮಾತಾಡಿಸಲು ಬಂದರು. ಅಜ್ಜನಿಗೆ ಹಳೆಯ ಪರಿಚಯ. ನಿಮ್ಮ ಅಪ್ಪ ಟ್ಯಾಂಕ್ ತೋರಿಸಿದರು. ಹಮೀದ್ ಬಗ್ಗಿ ನೋಡಿ ಕೇಳಿದರು. "ಸ್ಪಂಜ್ ಯಾರಾದ್ರೂ ತೊಳೆದ್ರಾ?"

"ಇಲ್ಲ ಮಾರಾಯ್ರೆ, ಅದನ್ನು ನಮ್ಮಲ್ಲಿ ಯಾರೂ ಮುಟ್ಟುದಿಲ್ಲ" ಎಂದರು ಅಪ್ಪ.

ನಾನು ಒಳಗಿನ ಬಾಗಿಲಿನಲ್ಲಿ ನಿಂತಿದ್ದೆ. ಅತ್ತಿಗೆ ಚಾವಡಿಯಲ್ಲಿ ಕೂತಿದ್ದರು. ನನ್ನ ಬಾಯಿಗೆ ಮಾತು ಬಂತು, ಹೊರಗೆ ಬರಲಿಲ್ಲ.

ಹಮೀದರಿಗೆ ಆಶ್ಚರ್ಯವಾಯಿತು. ಇದು ಹೊಸ ಟ್ಯಾಂಕಿಗೆ ಬರುವ ಕಾಯಿಲೆ, ಇಷ್ಟು ಹಳೆಯದಕ್ಕೆ ಬರುವುದಲ್ಲ ಎಂದರು. ಮೀನಿನ ಹೊಲಸಿನಿಂದ ನೀರಿನಲ್ಲಿ ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ, ಅದನ್ನು ತಿನ್ನುವ ಸೂಕ್ಷ್ಮ ಜೀವಿಗಳು ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುತ್ತವೆ, ಹಾಲಿಗೆ ಹೆಪ್ಪು ಇದ್ದ ಹಾಗೆ ಎಂದು ವಿವರಿಸಿದರು. ಅವು ಬಾಟಲಿಯಲ್ಲೂ ಸಿಗುತ್ತವಂತೆ. ಒಂದು ಹಾಕಿ ನೋಡಿ ಎಂದರು. ಆದರೆ ಭರವಸೆ ಕೊಡಲಿಲ್ಲ. "ಕೆಲವು ಸಲ ಕೆಲಸ ಮಾಡ್ತದೆ, ಕೆಲವು ಸಲ ಇಲ್ಲ. ಎಷ್ಟು ಬಿಸಿಲಲ್ಲಿ ಬಂದ ಬಾಟ್ಲಿಯೋ, ಒಳಗಿದ್ದದ್ದಕ್ಕೆ ಜೀವ ಉಂಟಾ ಇಲ್ವಾ, ನನಗೂ ಗೊತ್ತಾಗುದಿಲ್ಲ."

ನಿಮ್ಮ ಅಪ್ಪ ಬಾಟಲಿ ತಂದರು. ಒಂದೇ ದಿನದಲ್ಲಿ ಟ್ಯಾಂಕ್ ಸಿದ್ಧ ಎಂದು ಅದರ ಮೇಲೆ ಬರೆದದ್ದನ್ನು ನೀನೇ ಓದಿ ಹೇಳಿದೆ. ಅತ್ತಿಗೆಯ ಮಾತು ಅಪ್ಪನ ಕಿವಿಗೂ ಬಿದ್ದಿತ್ತು. ಆ ಮಾತನ್ನು ಸುಳ್ಳು ಮಾಡಬೇಕೆಂದೇ ಎಲ್ಲರೆದುರು ನಿನ್ನನ್ನು ಕರೆದು, "ನೀನೇ ಹಾಕು ಮಗಾ" ಎಂದರು. ನೀನು ಕಣ್ಣು ಮುಚ್ಚಿ ಏನನ್ನೋ ಬೇಡಿಕೊಂಡೆ. ಎರಡು ಮುಚ್ಚಳ ಅಳೆದು ಹೊಯ್ದೆ. ನೀರು ಸ್ವಲ್ಪ ಬೆಳ್ಳಗಾಯಿತು. ಎರಡು ದಿನಗಳಲ್ಲಿ ಮೂರು ಮೀನು ಸತ್ತವು.

ಬಾಲ ಬಿಳಿ ಇದ್ದ ಒಂದೇ ಒಂದು ಉಳಿಯಿತು. ನೀನು ಅದರ ಹತ್ತಿರ ಹೋಗುವುದನ್ನು ಬಿಟ್ಟೆ. ಬಚ್ಚಲಿನಲ್ಲಿ ಬೆರಳು ಸುಕ್ಕಾಗುವವರೆಗೆ ಕೈ ತೊಳೆಯುತ್ತಿದ್ದೆ. ನಿನ್ನ ಬಾಯಿಗೆ ತುತ್ತು ಹಾಕಲು ಅಮ್ಮನಿಗೆ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ನಾನು ನಿನಗೆ ತಲೆ ಬಾಚುತ್ತಿದ್ದೆ. ನೀನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳಿದೆ.

"ಅಜ್ಜೀ, ನಾನು ನಿಮ್ಮನ್ನು ಮುಟ್ಟಿದ್ರೆ ನಿಮಗೆ ಎಂತಾದ್ರೂ ಆಗ್ತದಾ?"

"ಎಂತ ಮಾತು ಅದು" ಎಂದಷ್ಟೇ ಹೇಳಿದೆ. ಜಡೆಗೆ ರಿಬ್ಬನ್ ಕಟ್ಟಿದೆ.

ಅಂದೇ, ಜೀವನದಲ್ಲಿ ಮೊದಲ ಸಲ ಒಬ್ಬಳೇ ರಿಕ್ಷಾ ಹತ್ತಿ ಹಮೀದರ ಅಂಗಡಿಗೆ ಹೋದೆ. ಸುತ್ತಲೂ ನೀರಿನ ಬುಳುಬುಳು ಸದ್ದು. ಆ ಸದ್ದಿನ ಮರೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಮೊನ್ನೆಯೇ ಹೇಳಬಹುದಿತ್ತಲ್ಲ ಅಮ್ಮ" ಎಂದರು. ತಮ್ಮ ಹಳೆಯ ಟ್ಯಾಂಕಿನ ಕೊಳಕು ಸ್ಪಂಜಿನಿಂದ ಅಂಗೈಯಗಲ ತುಂಡು ಕತ್ತರಿಸಿ, ಅದರದ್ದೇ ನೀರಿನೊಡನೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟರು. ಇದು ಬಾಟಲಿಗಿಂತ ನಂಬಿಕೆಯದ್ದು ಎಂದರು. ಇದನ್ನೂ ತೊಳೆದರೆ ಇನ್ನು ಅಂಗಡಿಗೆ ಸೇರಿಸುವುದಿಲ್ಲ ಎಂದು ನಗಾಡಿದರು. ದಿನಾ ಅರ್ಧ ನೀರು ಬದಲಿಸಲು, ಕಾಳು ಕಡಿಮೆ ಹಾಕಲು ಹೇಳಿದರು. ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಯಾರೂ ಚಾವಡಿಯಲ್ಲಿಲ್ಲದಾಗ ಫಿಲ್ಟರಿಗೆ ಇಟ್ಟೆ.

ಬಿಳಿ ಬಾಲದ ಮೀನು ಉಳಿಯಿತು. ವಾರದೊಳಗೆ ರೆಕ್ಕೆ ಬಿಡಿಸಿ ಓಡಾಡತೊಡಗಿತು. ಇನ್ನು ನೀನೂ ಸರಿಯಾಗುತ್ತಿ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂದುಕೊಂಡೆ.

ಕಾಟಿಪಳ್ಳಕ್ಕೆ ಹೊರಡುವ ದಿನ ಅತ್ತಿಗೆ ಚೀಲ ಹಿಡಿದು ಟ್ಯಾಂಕಿನ ಮುಂದೆ ನಿಂತರು. "ನೋಡಿ, ನಾನು ಹೇಳ್ಲಿಲ್ವಾ? ಆ ಹುಡುಗಿಯ ಕೈ ದೂರ ಆದದ್ದೇ, ಇದೊಂದು ಉಳೀತು."

ನೀನು ಅಲ್ಲೇ ಇದ್ದೆ. ಅಳಲಿಲ್ಲ. ಲೆಕ್ಕ ಅರ್ಥವಾದ ಮಗುವಿನ ಹಾಗೆ ತಲೆಯಾಡಿಸಿದೆ.

ನಾನು ಮೀನು ಉಳಿಸಿದ್ದೇ ನಿನ್ನ ವಿರುದ್ಧ ಸಾಕ್ಷಿಯಾಯಿತು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಸಕ್ಕರೆ ತರುತ್ತೇನೆಂದು ಹೇಳಿ ಒಳಗೆ ಹೋದೆ. ಅದೇ ನಾನು ಮಾಡಿದ್ದು.

ಆ ಮೀನು ಇನ್ನೂ ಮೂರು ವರ್ಷ ಬದುಕಿತು. ನೀನು ಒಮ್ಮೆಯೂ ಅದಕ್ಕೆ ಬೆರಳು ಕೊಡಲಿಲ್ಲ. ಅತ್ತಿಗೆ ಈಗ ಇಲ್ಲ. ಅವರ ಮಾತು ಉಂಟು. ನಿನಗೆ ಹದಿನೇಳಾಯಿತು. ನಮ್ಮ ಮನೆಗೆ ಈಗ ಮೊಸರು ಪ್ಯಾಕೆಟಿನಲ್ಲಿ ಬರುತ್ತದೆ, ಕುಂಡಗಳು ಬರಿದಾಗಿವೆ. ಹೋದ ಭಾನುವಾರ ಪಕ್ಕದ ಮನೆಯವರು ಎರಡು ತಿಂಗಳ ಮಗುವನ್ನು ನಿನ್ನ ಕಡೆ ಚಾಚಿದರು. ನೀನು ನಗುತ್ತಲೇ ಕೈಗಳನ್ನು ದುಪಟ್ಟಾದೊಳಗೆ ಸೇರಿಸಿ, ನನಗೆ ಶೀತ ಉಂಟು ಎಂದೆ. ನಿನಗೆ ಶೀತ ಇರಲಿಲ್ಲ. ಎಲ್ಲದಕ್ಕೂ ಕೈ ಹಾಕುತ್ತಿದ್ದ ಆ ಹುಡುಗಿಯನ್ನು ಎಂಟು ವರ್ಷಗಳಿಂದ ಈ ಮನೆಯಲ್ಲಿ ಯಾರೂ ನೋಡಿಲ್ಲ. ಏಳು ಮೀನುಗಳಲ್ಲಿ ಆರನ್ನು ಕೊಂದದ್ದಕ್ಕಿಂತ ದೊಡ್ಡದು ಅದು.

ಆ ಬಾಟಲಿಯಲ್ಲಿ ಜೀವ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಅಷ್ಟು ತಡವಾಗಿ, ಅಷ್ಟು ವಿಷದಲ್ಲಿ, ಎರಡೇ ದಿನದಲ್ಲಿ ಏನು ಮಾಡೀತು? ನಿನ್ನ ಕೈ ಕಾರಣವಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಕುದಿವ ನೀರಿನಲ್ಲಿ ಸ್ಪಂಜು ಹಿಂಡಿದ್ದು ನನ್ನ ಕೈ. ಅಜ್ಜನ ಉಸಿರು ನೀನು ಚಮಚ ಹಿಡಿಯುವ ಮೊದಲೇ ಕುಂದಿತ್ತು. ಅಷ್ಟಾದರೂ ಅವರು ನಿನ್ನ ನೀರನ್ನೇ ಕೇಳಿ ಕುಡಿದರು.

ಶ್ರೀಶ, ಅಕ್ಕ ಇದನ್ನು ಓದಿ ಹರಿಯಲು ಹೊರಟರೆ ಬಿಡಬೇಡ. ಮೈತ್ರಿ, ಇನ್ನು ಯಾರಾದರೂ ಕೈಗುಣದ ಮಾತೆತ್ತಿದರೆ ಇದನ್ನು ಗಟ್ಟಿಯಾಗಿ ಓದು, ನಾನು ಅಲ್ಲಿ ಕೂತಿದ್ದರೂ ಓದು. ಹೌದು ಎನ್ನುವಷ್ಟು ಮಾತು ನನ್ನಿಂದ ಆದೀತು. ಆಗದೆ ಹೋದರೆ ನನ್ನ ಪರವಾಗಿ ಹೇಳಲು ಇವಿಷ್ಟೇ ಇರುವುದು. ಈ ಹಾಳೆಗಳನ್ನು ಜೋಪಾನ ಮಾಡಿ.