ಹಿಂದುಮುಂದಾಗಿ ಏರಿದ ದಿಬ್ಬ

ನಮ್ಮ ಸೋದರಮಾವನ ಹಳೇ ಕಾರನ್ನು ಚಿತ್ರದುರ್ಗದಲ್ಲಿ ಹೊಗಳಿದವರನ್ನು ನಾನು ಕಾಣೆ. ಅವರ ಮನೆಯೆದುರಿನ ಹುಣಸೆ ಮರದ ಕೆಳಗೆ ಮೋಟಾರು ಹುಚ್ಚಿನವರು ಸೇರಿದರೆ ಅದರದೇ ಗೇಲಿ. ಮಾವನೂ ಸುಮ್ಮನಿರುವ ಆಸಾಮಿಯಲ್ಲ, ಲಾರಿ ಇಟ್ಟಿದ್ದ ಗೆಳೆಯನನ್ನು ಕೆಣಕುತ್ತಿದ್ದರು.

"ಅದೂ ಒಂದ್ ಮೋಟಾರೇನಪ್ಪ? ಕಣಜಕ್ಕೆ ಗಾಲಿ ಕಟ್ಟಿದಂಗೈತೆ. ಹಿರಿಯೂರು ಬಿಟ್ರೆ ಸದ್ದು ಇಲ್ಲಿಗೇ ಕೇಳತೈತೆ."

"ನಂದು ಮುಂದಕ್ಕಾದ್ರೂ ಹೋಗತೈತಲೇ! ನಿಂದು ದಿಬ್ಬ ಕಂಡ್ರೆ, ಅತ್ತೆ ಮನೆ ಬಿಟ್ಟು ಹೊರಟ ಹೊಸ ಅಳಿಯನಂಗೆ ಹಿಂದಕ್ಕೇ ಮುಖ."

ಮಾತು ಸುಳ್ಳಲ್ಲ. ಆ ಕಾರಿನ ಪೆಟ್ರೋಲು ಸೀಟಿನ ಕೆಳಗಿರುತ್ತಿತ್ತು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಅದು ಎಂಜಿನ್ನಿಗೆ ಹರಿಯದು. ಹಾಗಾಗಿ ಮಾವ ಕಾರನ್ನು ತಿರುಗಿಸಿ, ಹಿಂಬದಿಯಿಂದಲೇ ದಿಬ್ಬ ಹತ್ತಿಸುತ್ತಿದ್ದರು.

ನನ್ನ ಎರಡನೆಯ ಬಸುರಿನಲ್ಲಿ ಹೊಳಲ್ಕೆರೆಯ ಗಂಡನ ಮನೆಯಿಂದ ಹೊಸದುರ್ಗದ ತವರಿಗೆ ಕರೆದೊಯ್ಯಲು ಬಂದದ್ದು ಅದೇ ಕಾರು. ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಆ ಸಲ ಹೊರಟಾಗ ಎತ್ತಿನ ಗಾಡಿಯಿಂದ ನಾನು ತಿರುಗಿ ನೋಡಿದ್ದೇ ಅದಕ್ಕೆ ಕಾರಣವೆಂದು ಅತ್ತೆ ನಂಬಿದ್ದರು. ನಾನೂ ನಂಬಿದ್ದೆ.

"ಈ ಸಲ ತಿರುಗಿ ನೋಡಬ್ಯಾಡ ಕಣವ್ವ" ಎಂದು ಅತ್ತೆ ಹೊಸ್ತಿಲಲ್ಲೇ ಆಣೆ ಮಾಡಿಸಿಕೊಂಡರು. ಕರೆಯಲು ಬಂದಿದ್ದ ಅವ್ವನ ಪಕ್ಕ ಕುತ್ತಿಗೆ ಬಿಗಿಹಿಡಿದು ಕೂತೆ. ದಿಬ್ಬದಲ್ಲಿ ಚಕ್ರ ಜಾರಿದರೆ ಕಲ್ಲು ಕೊಡಬೇಕಲ್ಲ, ಅದಕ್ಕಾಗಿ ಮಾವ ನಮ್ಮನೆಯವರನ್ನೂ ಹತ್ತಿಸಿಕೊಂಡರು.

ಊರಾಚೆಯ ಏರು ಬಂತು. ನಮ್ಮನೆಯವರು ಇಳಿದರು, ಕಾರು ತಿರುಗಿತು. ಬಿಟ್ಟು ಬಂದ ದಾರಿಯೆಲ್ಲ ಕಣ್ಣೆದುರಿಗೇ ಇತ್ತು.

"ಮಾವ, ನಿಲ್ಲಸ್ರಿ! ನಾನು ಹಿಂದಕ್ಕೆ ನೋಡಂಗಿಲ್ಲ!"

"ನೀನೆಲ್ಲಿ ತಿರುಗಿದ್ಯವ್ವ? ತಿರುಗಿದ್ದು ಕಾರು. ದೋಷ ಬಂದ್ರೆ ಅದಕ್ಕೇ ಬರಲಿ, ಹೆಂಗೂ ಎಲ್ಲಾರ ಕೈಲೂ ಬೈಸ್ಕಂಡೈತೆ."

ಕಾರು ತೊಟ್ಟಿಲಂತೆ ತೂಗುತ್ತ ಏರಿತು. ಮಾವ ಕುತ್ತಿಗೆ ತಿರುಗಿಸಿ ಏರಿನ ಕಡೆಗೇ ಕಣ್ಣು ನೆಟ್ಟಿದ್ದರು. ಅವ್ವ ಕಣ್ಣು ಮುಚ್ಚಿ ಶಿವಶಿವ ಎನ್ನುತ್ತಿದ್ದಳು. ಕೆಳಗೆ ಎಳೆಬಿಸಿಲು, ಕುರಿಮಂದೆ ಎಬ್ಬಿಸಿದ ಧೂಳು. ಆ ಹೊಂಬಣ್ಣದ ಧೂಳಿನೊಳಗೆ ಕಲ್ಲು ಹಿಡಿದು, ನಮ್ಮ ಕಡೆಗೇ ನಡೆದು ಬರುತ್ತಿದ್ದ ನಮ್ಮನೆಯವರು. ತುಂಬಿದ ಮನೆಯಲ್ಲಿ, ಹಗಲು ಹೊತ್ತಿನಲ್ಲಿ ಅವರ ಮುಖವನ್ನು ನೇರ ನೋಡಿದವಳಲ್ಲ ನಾನು. ಅಂದು ನೋಡಿದೆ. ಅವರೂ ನೋಡಿದರು. ಅವರ ಕಣ್ಣಲ್ಲೂ ನನ್ನದೇ ಭಯವಿತ್ತು. ಹೋದ ಕೂಸಿನ ಸಂಕಟ ನನ್ನೊಬ್ಬಳದೇ ಅಂದುಕೊಂಡಿದ್ದೆ. ಈ ದಿಬ್ಬ ಮುಗಿಯದೇ ಇರಲಿ ಅನ್ನಿಸಿತು.

ಮುಗಿಯಿತು. ಅವರು ಕಲ್ಲನ್ನು ದಾರಿ ಬದಿಗೆ ಇಟ್ಟು, ಊರಿಗೆ ಮರಳಲು ಅಲ್ಲೇ ಉಳಿದರು. ಕಾರು ಮತ್ತೆ ಹೊಸದುರ್ಗದ ಕಡೆ ಮುಖ ಮಾಡಿತು. ನಾನು ತಿರುಗಲಿಲ್ಲ.

ಮಗಳು ಹುಟ್ಟಿದಳು, ಉಳಿದಳು. ಬಾಣಂತನ ಮುಗಿದು ಹೊರಟಾಗ ಯಾರೋ ಹೊಸ ಕಾರು ಕಳಿಸುತ್ತೇವೆಂದರು. ಮಾವನದೇ ಬರಲಿ ಎಂದು ಹಟ ಹಿಡಿದೆ. ದಿಬ್ಬದ ನೆತ್ತಿಗೆ ಬಂದಾಗ, ಆ ಕಲ್ಲಿನ ಪಕ್ಕ ನಮ್ಮನೆಯವರು ಕಾಯುತ್ತ ನಿಂತಿದ್ದರು. ಕೂಸನ್ನು ಅವರ ಕೈಗೆ ಕೊಟ್ಟೆ.