ಬೀರಕ್ಕನ ಕೈ, ನಾಗವೇಣಿಯ ಮೂಗು

ಬೆಳಗಿನ ಐದೂವರೆ. ಅಂಕೋಲೆಯ ಹತ್ತಿರ, ಹೆದ್ದಾರಿಯ ಬದಿಯಲ್ಲಿರುವ ಪ್ರಭುಗಳ ಊಟದ ಮನೆಯ ಹಿತ್ತಿಲು. ಹುಲ್ಲು ಹಾಸಿ ಅದರ ಮೇಲೆ ಮಾವಿನ ಹಣ್ಣು ಸುರಿದಿದ್ದಾರೆ. ಎದುರುಬದುರಾಗಿ ಇಬ್ಬರು ಹೆಂಗಸರು ಕೂತಿದ್ದಾರೆ. ಒಬ್ಬರು ಹಣ್ಣೆತ್ತಿ ತೊಟ್ಟಿನ ಬುಡಕ್ಕೆ ಮೂಗು ಹಚ್ಚುತ್ತಾರೆ, ಒಂದು ಮಾತು ಹೇಳಿ ಇನ್ನೊಬ್ಬರ ಕೈಗೆ ಕೊಡುತ್ತಾರೆ. ಅವರು ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, ಮೂರು ಬುಟ್ಟಿಗಳಲ್ಲಿ ಯಾವುದಾದರೂ ಒಂದಕ್ಕೆ ಹಾಕುತ್ತಾರೆ. ಸಿಹಿ ಅಡುಗೆಗೆ ಒಂದು ಬುಟ್ಟಿ, ಖಾರದ್ದಕ್ಕೆ ಒಂದು, ನಾಳೆಗೆ ಒಂದು.

“ಹುಳಿ.”

“ಎಷ್ಟು ಹುಳಿ? ಸಮಾ ಹೇಳು.”

“ನಿನ್ನ ಮಾತಿನಷ್ಟಿಲ್ಲ ಅತ್ಗೆ. ಸಾಸಿವೆಗೆ ಆಗ್ತದೆ.”

“ಇದು?”

“ಚಲೋ ಪರಿಮಳ. ರಸಾಯನಕ್ಕೆ ಹಾಕು.”

“ಹಣ್ಣಿಂದೇ ಪರಿಮಳ ಹೌದಾ? ಇಲ್ಲಾ ನಿನ್ನ ಸೀರೆ ಬಂಗಡೆ ನಾತವಾ?”

“ಸೀರೆದು ನಿನ್ನೆದು, ಹಣ್ಣಿಂದು ಇವತ್ತಿಂದು. ಬಾಯ್ ಮುಚ್ಚಿ ಬುಟ್ಟಿಗೆ ಹಾಕೇ.”

ಒತ್ತಿ ನೋಡುವವರು ಬೀರಮ್ಮ ನಾಯ್ಕ. ವಯಸ್ಸು ಐವತ್ತಾರು. ಇಪ್ಪತ್ತೆರಡು ವರ್ಷಗಳಿಂದ ಈ ಅಡುಗೆಮನೆ ಅವರದು. ಊರಿಗೆಲ್ಲ ಬೀರಕ್ಕ. ಮೂಸುವವರು ಅವರ ಗಂಡನ ತಂಗಿ ನಾಗವೇಣಿ. ಮೀನು ಮಾರುತ್ತಾರೆ. ಏಳಕ್ಕೆ ಬೇಲೇಕೇರಿ ಬಂದರಿನಲ್ಲಿ ಇರಬೇಕು. ಅದಕ್ಕೇ ಈ ಗಡಿಬಿಡಿ.

ಏಪ್ರಿಲ್, ಮೇ ಬಂತೆಂದರೆ ದಿನಕ್ಕೆ ನೂರ ಅರವತ್ತು ಊಟ. ಭಾನುವಾರ ಇನ್ನೂರು ದಾಟುತ್ತದೆ. ಇನ್ನೂರೈವತ್ತು ಕಾಡುಮಾವಿನ ಹಣ್ಣು, ಐವತ್ತು ಈಶಾಡು ಜಾತಿಯ ಮಾವು, ಹದಿನೆಂಟು ತೆಂಗಿನಕಾಯಿ. ಈಶಾಡು ಹೆಚ್ಚಿ ಬೆಲ್ಲ, ಕಾಯಿಹಾಲು ಸೇರಿಸಿದರೆ ರಸಾಯನ. ಕಾಡುಮಾವನ್ನು ಇಡಿಯಾಗಿ ಸುಲಿದು, ತೆಂಗಿನಕಾಯಿಯ ಜೊತೆ ಸಾಸಿವೆ ಅರೆದು ಹಾಕಿದರೆ, ಆ ಪದಾರ್ಥದ ಹೆಸರೂ ಸಾಸಿವೆ. ಅದನ್ನು ಗೊರಟು ಬೆಳ್ಳಗಾಗುವವರೆಗೆ ಚೀಪಬೇಕು. ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರಾಗಿ ಮಾಡಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿ. ಇವೆಲ್ಲದರ ಜೊತೆಗೆ ಒಣ ಶೆಟ್ಲಿ, ಅಂದರೆ ಸೀಗಡಿ, ಹುರಿದು ಮಾವಿನಕಾಯಿಯ ಜೊತೆ ಕುಟ್ಟಿದ ಚಟ್ನಿ. ಅದು ಮುಗಿದಿದೆ ಅಂದರೆ ಲಾರಿಯವರು ಜಗಳಕ್ಕೇ ಬರುತ್ತಾರೆ.

ಉಂಡವರು ಕೈ ತೊಳೆಯುತ್ತ ಏನು ಹೇಳುತ್ತಾರೆ ಗೊತ್ತೇ? “ನಮ್ಮ ಈಶಾಡೇ ಹಾಗೆ ಬಿಡಿ.” ಕೇಳಿದರೆ ಮೈ ಉರಿಯುತ್ತದೆ. ಹಣ್ಣು ತಾನೇ ಸಿಪ್ಪೆ ಸುಲಿದುಕೊಂಡು ಪಾತ್ರೆಗಿಳಿಯಿತೇ? ಮಾವು ಮೇಳದಲ್ಲಿ ತೋಟದವರಿಗೆ ಶಾಲು, ಮಾರಿದವರಿಗೆ ಹಾರ. ಬೇಯಿಸಿದವಳನ್ನು ಒಬ್ಬನೂ ಕರೆಯಲಿಲ್ಲ. ಬೀರಕ್ಕನಿಗೆ ಹೇಳಿದರೆ ನಗುತ್ತಾರೆ: “ಶಾಲ್ ಹೊದ್ಕಂಡು ಒಲೆ ಮುಂದೆ ಕೂರೂಕಾಗ್ತದಾ?”

ಈ ವರ್ಷ ಶಿವರಾತ್ರಿಯ ವಾರ ಅವರಿಗೆ ಜ್ವರ ಬಂತು. ಮೂರು ದಿನಕ್ಕೆ ಬಿಟ್ಟಿತು. ನಾಲ್ಕನೆಯ ದಿನ ಅಡುಗೆಗೆ ನಿಂತರು. ಒಗ್ಗರಣೆ ಸೀದು ಕರಿಯಾಗಿ, ಊಟಕ್ಕೆ ಕೂತವರೆಲ್ಲ ಕೆಮ್ಮುತ್ತಿದ್ದರೂ ಇವರು ಸೌಟು ಹಿಡಿದು ನಿಂತೇ ಇದ್ದರು. ಆಗ ತಿಳಿಯಿತು, ಮೂಗು ಸತ್ತಿದೆ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಖಾರ ಸಿಗುತ್ತದೆ. ಪರಿಮಳ ಮಾತ್ರ ಇಲ್ಲ. ಕಾರವಾರದ ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು.

“ಹಣ್ಣಿನ ಕಾಲಕ್ಕೆ ಒಂದೇ ತಿಂಗ್ಳಿತ್ತು,” ಎನ್ನುತ್ತಾರೆ ಬೀರಕ್ಕ. “ಮೂಗಿಲ್ಲಾ ಅಂತ ಗೊತ್ತಾದ್ರೆ ಒಡೇರು ಬೇರೆಯವ್ರನ್ನ ತರ್ತ್ರು. ಅಡ್ಗಿ ಬಿಟ್ರೆ ನಂಗೆ ಬೇರೆ ಎಂತ ಬತ್ತದೆ ಹೇಳಿ?”

ಮೀನು ಹಳತೋ ಹೊಸತೋ ಎಂದು ಮಾರು ದೂರದಿಂದ ಹೇಳುವ ಮೂಗು ನೆಂಟರಲ್ಲೇ ಇತ್ತು. ಆದರೆ ಆ ಮೂಗಿನೊಡತಿಯ ಜೊತೆ ಹನ್ನೊಂದು ವರ್ಷಗಳಿಂದ ಮಾತಿಲ್ಲ. ಕಾರಣ, ಉಪ್ಪುನೀರಿನಲ್ಲಿ ಹಾಕಿಟ್ಟ ನೀರುಮಾವಿನಕಾಯಿಯ ಭರಣಿ. ಅದಕ್ಕೆ ಯಾರೋ ಒದ್ದೆ ಸೌಟು ಅದ್ದಿ, ಇಡೀ ವರ್ಷದ ಕಾಯಿ ಕೊಳೆತುಹೋಯಿತು. ನಾಗವೇಣಿಯೇ ಅದ್ದಿದ್ದು ಎಂದು ಬೀರಕ್ಕ, ಬೀರಕ್ಕನೇ ಎಂದು ನಾಗವೇಣಿ. ಇಂದಿಗೂ ಇತ್ಯರ್ಥವಾಗಿಲ್ಲ. ಬೀರಕ್ಕ ಹೋಗಿ ಆ ಬಾಗಿಲು ತಟ್ಟಿದರು.

“ಬಂದೋಳು ಎಂತ ಹೇಳ್ದ್ಳು ಗೊತ್ತಾ?” ನಾಗವೇಣಿ ನಗು ತಡೆಯಲಾರದೆ ಹೇಳುತ್ತಾರೆ. “‘ಸೌಟು ಅದ್ದಿದ್ದು ನೀನೇ. ಆದ್ರೂ ನಿನ್ನ ಮೂಗು ಬೇಕು’ ಅಂದ್ಳು. ಹಿಂಗೂ ಕೇಳ್ತ್ರಾ?”

ಮಾರನೆಯ ದಿನದಿಂದಲೇ ನಾಗವೇಣಿ ಬರತೊಡಗಿದರು. ಶೆಟ್ಲಿ ಕೊಡಲು ಬರುತ್ತಾರೆಂದು ಪ್ರಭುಗಳು ತಿಳಿದಿದ್ದರು.

ಗುಟ್ಟು ಒಡೆದದ್ದು ಎರಡು ವಾರದ ಹಿಂದಿನ ಭಾನುವಾರ. ಪಕ್ಕದ ಸಭಾಭವನದಲ್ಲಿ ಮದುವೆ, ಮುನ್ನೂರೈವತ್ತು ಎಲೆ. ಗಂಡಿನ ಕಡೆಯವರು ಕೇಳಿದ್ದು ಈಶಾಡಿನ ರಸಾಯನ. ಪ್ರಭುಗಳು ಹೊಸ ವ್ಯಾಪಾರಿಯೊಬ್ಬನಿಂದ ಹತ್ತು ಪೆಟ್ಟಿಗೆ ತರಿಸಿದ್ದರು. ಎಲ್ಲ ಹಣ್ಣಿಗೂ ಒಂದೇ ಹಳದಿ. ಬೀರಕ್ಕ ಒತ್ತಿದರು, ಮೆತ್ತಗಿತ್ತು. ಕಣ್ಣೂ ಒಪ್ಪಿತು, ಬೆರಳೂ ಒಪ್ಪಿತು. ನಾಗವೇಣಿ ಮೂಸಿ ಮುಖ ಸಿಂಡರಿಸಿದರು.

“ಬೆಳ್ಳುಳ್ಳಿ ನಾತ. ಕಾರ್ಬೈಡ್ ಪುಡಿ ಹಾಕಿ ಹಣ್ಣು ಮಾಡಿದ್ದು. ಹತ್ತಕ್ಕೆ ಹತ್ತೂ ಪೆಟ್ಗಿ.”

ಪ್ರಭುಗಳು ಹಿಂದೆಯೇ ನಿಂತಿದ್ದರು. “ಮೀನು ಮಾರೋಳಿಗೆ ಹಣ್ಣಿನ ಸುದ್ದಿ ಎಂತಕ್ಕೆ? ಬೀರಕ್ಕ, ನೀ ಮೂಸಿ ಹೇಳು. ನೀ ಹೇಳ್ದ ಹಾಗೆ.”

ಬೀರಕ್ಕ ಹಣ್ಣನ್ನು ಮೂಗಿನ ಹತ್ತಿರ ಹಿಡಿದರು. ಏನೂ ಇಲ್ಲ. ಚಲೋ ಅದೆ ಎಂದುಬಿಟ್ಟಿದ್ದರೆ ಅಂದಿಗೆ ಮುಗಿಯುತ್ತಿತ್ತು. ಅವರು ಹಣ್ಣು ಕೆಳಗಿಟ್ಟರು.

“ನಂಗೆ ವಾಸ್ನೆ ಬರೂದಿಲ್ಲ ಒಡೇರೇ. ಶಿವರಾತ್ರಿಂದ ಇಲ್ಲ. ನಾಗಿ ಬ್ಯಾಡ ಅಂದ್ರೆ ಬ್ಯಾಡ.”

“ಹಾಗಾರೆ ಇಷ್ಟು ದಿನ ಅಡುಗೆ ಮಾಡಿದ್ದು ಯಾರು?”

“ನಾನೇ. ಮೂಗು ಇವಳದ್ದು.”

ಪ್ರಭುಗಳು ಒಂದು ಹಣ್ಣು ಕೊಯ್ದು ಬಾಯಿಗಿಟ್ಟರು, ತೆಂಗಿನ ಬುಡಕ್ಕೆ ಉಗುಳಿದರು. ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತರು. “ಒಬ್ಳಿಗೆ ಮೂಗಿಲ್ಲ, ಒಬ್ಳಿಗೆ ಬರೀ ಮೂಗೇ. ಹನ್ನೆರಡೂವರೆಗೆ ಎಲೆ ಹಾಕ್ಬೇಕಲ್ಲ, ಎಂತ ಬಡಿಸೂದು?”

ಬೀರಕ್ಕ ಆಗಲೇ ಸೆರಗು ಸಿಕ್ಕಿಸಿದ್ದರು. “ಮಾವಿನಕಾಯಿಗೆ ಮೂಗು ಬ್ಯಾಡ, ನಾಲ್ಗಿ ಸಾಕು. ನಾಲ್ಗಿ ನಂದೇ ಅದೆ.”

ಅಪ್ಪೆಹುಳಿಗೆಂದು ಇಟ್ಟಿದ್ದ ಕಾಯಿ, ಹಿತ್ತಿಲ ಮರದ ಕಾಯಿ, ನೆರೆಮನೆಯ ಮರದ ಕಾಯಿ, ಎಲ್ಲ ಬಂದು ರಾಶಿ ಬಿತ್ತು. ಪ್ರತಿ ಮರದ ಕಾಯಿಯನ್ನೂ ಒಂದೊಂದು ಚೂರು ಕಚ್ಚಿ ನೋಡಿ, ಹುಳಿಗೆ ತಕ್ಕಂತೆ ಬೇರೆ ಬೇರೆ ಬೇಯಿಸಿದರು. ಬೆಲ್ಲ, ಅಕ್ಕಿಹಿಟ್ಟು, ನಲವತ್ತು ತೆಂಗಿನಕಾಯಿಯ ಹಾಲು. ಖಾರಕ್ಕೆ ಹೋಗಬೇಕಿದ್ದ ಕಾಯಿ ಪಾಯಸವಾಯಿತು. ಕೈ ಸಾಲದೆ ತೆಂಗಿನಕಾಯಿ ತುರಿಯಲು ಪ್ರಭುಗಳೂ ಹೆರೆಮಣೆ ಹತ್ತಿದರು.

“ಒಡೇರೇ, ಕಾಯಿ ಹೆರೀರಿ, ಬೆರಳು ಹೆರೀಬ್ಯಾಡಿ. ಇದು ಸಸ್ಯಾಹಾರಿ ಮದ್ವಿ,” ಎಂದರಂತೆ ನಾಗವೇಣಿ. ಆ ದಿನ ಅವರು ಬಂದರಿಗೆ ಹೋಗಲೇ ಇಲ್ಲ.

ಊಟದ ನಡುವೆ ಮದುಮಗನ ಸೋದರಮಾವ ಎದ್ದು ಅಡುಗೆಮನೆಗೇ ಬಂದ. “ರಸಾಯನ ಎಲ್ಲಿ ಅಂತ ಕೇಳೂಕೆ ಬರೂದ್ರಲ್ಲಿದ್ದೆ,” ಎಂದ ಆತ, “ಈಗ ಬ್ಯಾಡ. ಆ ಪಾಯಸ ಇನ್ನೊಂದು ಸೌಟು ಇದ್ರೆ ಹಾಕು ತಂಗಿ.”

ಎಲೆ ತೆಗೆಯುವ ಮುಂಚೆ ಬೀರಕ್ಕ ಪಂಕ್ತಿಯ ಹಿಂದೆ ಒಂದು ಸುತ್ತು ಬಂದರು. ಅದು ಅವರ ಯಾವತ್ತಿನ ಪದ್ಧತಿ. ಬಾಯಲ್ಲಿ ಹೊಗಳಿದವರನ್ನು ಅವರು ನಂಬುವುದಿಲ್ಲ, ಎಲೆಯನ್ನು ನಂಬುತ್ತಾರೆ. ಪಾಯಸ ಬಡಿಸಿದ ಜಾಗವನ್ನು ಜನ ಬೆರಳಲ್ಲಿ ಬಳಿದು ನೆಕ್ಕಿದ್ದರು.

ಸಂಜೆ ಪ್ರಭುಗಳು ನಾಗವೇಣಿಯ ಕಡೆ ತಿರುಗಿ, “ನಾಳೆನೂ ಐದೂವರೆಗೇ ಬಾ. ಅವಳ ಕೂಡೆ ಜಗಳ ಆಯ್ತು ಅಂತ ತಪ್ಪಿಸ್ಬೇಡ,” ಎಂದು ಒಳಗೆ ಹೋದರು. ಬೀರಕ್ಕನ ಅಡುಗೆಮನೆ ಬೀರಕ್ಕನಿಗೇ ಉಳಿಯಿತು ಎಂದು ಇಬ್ಬರಿಗೂ ತಿಳಿದದ್ದು ಹಾಗೆ.

ಮೂಗು ಇನ್ನೂ ಬಂದಿಲ್ಲ. ಇವತ್ತಿನ ಹಣ್ಣು ಆರಿಸಿ ಮುಗಿದಿದೆ. ನಾಗವೇಣಿ ಬುಟ್ಟಿಯೆತ್ತಿ ಹೊರಟಿದ್ದಾರೆ. ಮೂಗಿನ ಸಂಗತಿ ಪೇಪರಿನಲ್ಲಿ ಬರೆಯಲೋ, ಬಿಡಲೋ ಎಂದು ಬೀರಕ್ಕನನ್ನು ಕೇಳುತ್ತೇನೆ. ಅವರು ಒಲೆಗೆ ಕಟ್ಟಿಗೆ ದೂಡುತ್ತಾರೆ.

“ಬರೀರಿ. ಎರಡು ತಿಂಗ್ಳು ಉಂಡ್ರಲ್ಲ, ಒಬ್ರಿಗೂ ಗೊತ್ತಾಗ್ಲಿಲ್ಲ. ಈಗ ಗೊತ್ತಾಗ್ಲಿ.”