ಭಾವನ ಹಿಕ್ಕೆ ಪರೀಕ್ಷೆ

ನಮ್ಮ ಅಕ್ಕನ ಮನೆಯಲ್ಲಿ ಬಟ್ಟೆ ನೆನೆಹಾಕುವ ಮೊದಲು ಭಾವನ ಅಂಗಿಯ ಜೇಬು ತಡಕಲೇಬೇಕು. ಬೇರೆಯವರ ಗಂಡಂದಿರ ಜೇಬಿನಲ್ಲಿ ಚಿಲ್ಲರೆ ಸಿಗುತ್ತದೆ, ಬಸ್ ಟಿಕೆಟ್ ಸಿಗುತ್ತದೆ. ನಮ್ಮ ಭಾವನ ಜೇಬಿನಲ್ಲಿ ಜಿಂಕೆಯ ಹಿಕ್ಕೆ ಸಿಗುತ್ತದೆ. ಅದೂ ನೀಟಾಗಿ ಕಾಗದದಲ್ಲಿ ಪೊಟ್ಟಣ ಕಟ್ಟಿದ್ದು. ಒಮ್ಮೆ ಅಕ್ಕ ಕಡಲೆಬೀಜ ಅಂದುಕೊಂಡು ಬಿಚ್ಚಿ ಇನ್ನೇನು ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳಂತೆ. ದೇವರು ದೊಡ್ಡವನು.

ಭಾವ ಅರಣ್ಯ ಇಲಾಖೆಯಲ್ಲಿ ಕಾವಲುಗಾರರು. ನಮ್ಮ ಬೀದಿ ಮುಗಿದಲ್ಲಿಂದ ಕಾಡು ಶುರು. ಅಕ್ಕನ ಹಿತ್ತಲಿನ ತಂತಿಬೇಲಿಯೇ ಗಡಿ. ಆಚೆಗಿರುವ ಜಿಂಕೆಗಳು ಕಾಡಿನವು, ಯಾರೂ ಸಾಕಿದ್ದಲ್ಲ. ಆದರೆ ಊರಿನವರ ಪ್ರೀತಿ ಕೇಳಬೇಕೆ? ಸಂಜೆಯಾದರೆ ಸಾಕು, ಕಾಡಿನ ಗೇಟಿನ ಹೊರಗೆ ಬ್ರೆಡ್ಡಿನ ಪೊಟ್ಟಣ ಹಿಡಿದ ಜನ, ಒಳಗೆ ಬಾಯಿ ಬಿಟ್ಟುಕೊಂಡು ಕಾದು ನಿಂತ ಹಿಂಡು. ಮೇಯಬೇಕೆಂದರೆ ನಡೆಯಬೇಕಲ್ಲ, ಆ ಕಷ್ಟ ಯಾರಿಗೆ ಬೇಕು! ತಿಂದು ತಿಂದು ಹೊಟ್ಟೆ ಉಬ್ಬಿತ್ತು, ಪಕ್ಕೆಲುಬು ಎದ್ದಿತ್ತು, ಮೈಕೂದಲು ಹಳೆಯ ಕಾಲೊರಸಿನಂತೆ ಅಲ್ಲಲ್ಲಿ ಉದುರಿತ್ತು. ಮರಿಗಳು ಹುಟ್ಟುತ್ತಿದ್ದವು, ಉಳಿಯುತ್ತಿರಲಿಲ್ಲ.

ಪುಟ್ಟಿಯ ಮರಿಗಳೂ ಉಳಿದಿರಲಿಲ್ಲ. ಪುಟ್ಟಿ ಅಂದರೆ ನಮ್ಮಕ್ಕನ ಮುದ್ದಿನ ಹೆಣ್ಣು ಜಿಂಕೆ. ಅದರ ತಾಯಿಯನ್ನು ಬೀದಿನಾಯಿಗಳು ಕೊಂದಾಗ ಅಕ್ಕ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿ, ದೊಡ್ಡದಾದ ಮೇಲೆ ಬೇಲಿಯಾಚೆ ಬಿಟ್ಟಿದ್ದಳು. ಅದು ಎರಡು ಸಲ ಮರಿ ಹಾಕಿ ಎರಡನ್ನೂ ಕಳೆದುಕೊಂಡಿತ್ತು. ಎರಡು ಸಲವೂ ಅಕ್ಕ ಊಟ ಬಿಟ್ಟು ಮಲಗಿದ್ದಳು. ಈಗ ಪುಟ್ಟಿ ಮತ್ತೆ ಗಬ್ಬವಾಗಿತ್ತು. "ಈ ಸಲವಾದ್ರೂ ಮರಿ ಉಳೀಲಪ್ಪ" ಎಂದು ಅಕ್ಕ ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದಳು.

ಹಿಂಡನ್ನು ನೋಡಲು ಬಂದ ಪಶುವೈದ್ಯೆ ಕಾರಣ ಹೇಳಿದರು. "ಹುಲ್ಲು ತಿನ್ನೋ ಹೊಟ್ಟೆಗೆ ಬ್ರೆಡ್ಡು ಹಾಕಿದ್ರೆ ಒಳಗೆಲ್ಲ ಹುಳಿ ಹಿಡಿಯುತ್ತೆ. ಒಂದೇ ಕಡೆ ಗುಂಪುಗೂಡಿದ್ರೆ ಒಂದರ ಹೊಟ್ಟೆಹುಳ ಇನ್ನೊಂದಕ್ಕೆ ಬರುತ್ತೆ. ದಿನಾ ಹಿಕ್ಕೆ ನೋಡಿ. ಬಿಡಿಬಿಡಿಯಾಗಿದ್ರೆ ಕ್ಷೇಮ, ಮುದ್ದೆಯಾಗಿದ್ರೆ ಕಾಯಿಲೆ ಅಂತ ಲೆಕ್ಕ."

ಅಷ್ಟು ಸಾಕಾಯಿತು ನಮ್ಮ ಭಾವನಿಗೆ. ಮೊದಲೇ ಮರ್ಕಟ, ಮೇಲೆ ಹೆಂಡ ಕುಡಿದ ಹಾಗೆ! ಕಾಡಿನೊಳಗಿನ ಮೇವಿನ ಬಯಲನ್ನು ನುಂಗಿದ್ದ ಮುಳ್ಳುಪೊದೆಗಳನ್ನು ಆಳುಗಳ ಜೊತೆ ನಿಂತು ಕಡಿಸಿದರು, ಹುಲ್ಲಿನ ಬೀಜ ಎರಚಿಸಿದರು. ಹಿಂಡು ಚದುರಲಿ ಎಂದು ದೂರ ದೂರ ನೀರಿನ ಗುಂಡಿ ತೋಡಿಸಿದರು. ಅದೆಲ್ಲ ಸಲೀಸಾಗಿಯೇ ಆಯಿತು. ಕಷ್ಟವಿದ್ದದ್ದು ಗೇಟಿನಲ್ಲಿ. ಪ್ರೀತಿಯಿಂದ ಬ್ರೆಡ್ಡು ತಂದವರಿಗೆ ಬೇಡ ಎನ್ನಲು ಭಾವನಿಗೆ ಬಾಯಿ ಬರುವುದಿಲ್ಲ. ಅದಕ್ಕೆ ಒಂದು ಉಪಾಯ ಹೂಡಿದರು: ಬಂದವರ ಕೈಯಿಂದ ಬ್ರೆಡ್ಡು ಇಸಿದುಕೊಂಡು ಅವರೆದುರಿಗೇ ತಾವೇ ತಿಂದುಬಿಡುವುದು.

"ಅಲ್ರೀ, ಮೂಕಪ್ರಾಣಿ ಬಾಯಿಂದ ಕಿತ್ಕೊಂಡು ತಿಂತೀರಲ್ಲ, ನಾಚಿಕೆ ಆಗಲ್ವಾ?" ಎಂದು ಪಕ್ಕದ ಬೀದಿಯ ಮೇಷ್ಟ್ರು ಕೂಗಾಡಿದರು.

"ಆಗುತ್ತೆ ಮೇಷ್ಟ್ರೇ. ಸ್ವಲ್ಪ ಜಾಮ್ ಇದ್ದಿದ್ರೆ ಇಷ್ಟೊಂದು ಆಗ್ತಿರಲಿಲ್ಲ."

ಮಾರನೆಯ ದಿನ ಮೇಷ್ಟ್ರು ಸಿಟ್ಟಿಗೆ ಜಾಮ್ ಬಾಟಲಿಯನ್ನೇ ತಂದು ಕುಕ್ಕಿ ಹೋದರು. ಭಾವ ಅದನ್ನೂ ಖಾಲಿ ಮಾಡಿದರು. ಜಿಂಕೆಗಳ ಹೊಟ್ಟೆ ಇಳಿಯುತ್ತ ಬಂತು, ಭಾವನದು ಏರುತ್ತ ಹೋಯಿತು. "ಭಾವ, ಹಿಂಡಿನ ಕಾಯಿಲೆಯನ್ನೆಲ್ಲ ನೀವೊಬ್ಬರೇ ವಹಿಸಿಕೊಂಡ ಹಾಗಿದೆ" ಎಂದೆ. "ಸರ್ಕಾರಿ ಕೆಲಸ ಕಣಮ್ಮ, ಮಾಡ್ಲೇಬೇಕು" ಎಂದು ಹೊಟ್ಟೆಯ ಮೇಲೆ ಕಿತ್ತುಬಂದ ಅಂಗಿಯ ಗುಂಡಿಯನ್ನು ಜೇಬಿಗೆ ಹಾಕಿಕೊಂಡರು. ಕಡೆಗೆ ಜನವೇ ಬೇಸತ್ತು ಬ್ರೆಡ್ಡು ತರುವುದನ್ನು ಬಿಟ್ಟರು, ಹಿಂಡು ಮೇಯಲು ಒಳಕ್ಕೆ ಹೋಯಿತು.

ಆದರೆ ಅಕ್ಕನ ಬೇಲಿಯ ಹತ್ತಿರ ಸಿಗುತ್ತಿದ್ದ ಹಿಕ್ಕೆ ಮಾತ್ರ ಮುದ್ದೆ ಮುದ್ದೆಯೇ. ಇಡೀ ಬೀದಿಗೆ ಗೊತ್ತಿತ್ತು: ಭಾವ ಅತ್ತ ಹೋದರೆ ಸಾಕು, ಅಕ್ಕ ಇತ್ತ ಹಿತ್ತಲ ಬಾಗಿಲು ತೆರೆದು ಪುಟ್ಟಿಗೆ ಬಿಸ್ಕತ್ತು ತಿನ್ನಿಸುತ್ತಾಳೆ. ಭಾವನಿಗೂ ಗೊತ್ತಿತ್ತು, ಆದರೆ ಹೆಂಡತಿಯೆದುರು ತುಟಿ ಪಿಟಕ್ ಅನ್ನಲಿಲ್ಲ. ನನಗೆ ರೇಗಿತು. "ಊರವರ ಬ್ರೆಡ್ಡೆಲ್ಲ ಬಿಡಿಸಿದ್ರಿ, ಮನೆಯಲ್ಲಿ ಹೇಳೋಕೆ ಏನು ಧಾಡಿ? ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂದ್ರೆ ಇದೇ ತಾನೇ?" ಎಂದು ಮುಖದ ಮೇಲೇ ಕೇಳಿದೆ.

ಆ ದಿನ ಊಟಕ್ಕೆ ಕೂತಾಗ ಭಾವ ಎರಡು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಒಂದರಲ್ಲಿ ಬಿಡಿಬಿಡಿ ಹಿಕ್ಕೆ, ಇನ್ನೊಂದರಲ್ಲಿ ಮುದ್ದೆ.

"ಥೂ! ಊಟದ ಮೇಜಿನ ಮೇಲೆ! ನಿಮಗೇನು ಬುದ್ಧಿಗಿದ್ದಿ ಇದೆಯೇನ್ರೀ?" ಅಕ್ಕ ತಟ್ಟೆ ಎತ್ತಿಕೊಂಡು ನಿಂತಳು.

"ಇದು ಒಳಗಿನ ಹಿಂಡಿಂದು. ಇದು ನಿನ್ನ ಮಗಳದ್ದು," ಎಂದರು ಭಾವ. "ಎಲ್ಲ ಒಳಗೆ ಹೋದ್ರೂ ಅವಳೊಬ್ಳು ಬೇಲಿ ಬಿಡ್ತಿಲ್ಲ. ಹೀಗೇ ಆದ್ರೆ ಈ ಮರೀನೂ ಉಳಿಯಲ್ಲ ಕಣೇ. ನಂಗೆ ಹೇಳೋಕೆ ಧೈರ್ಯ ಬರಲಿಲ್ಲ."

ಅಕ್ಕ ತಟ್ಟೆಯನ್ನು ಹಾಗೇ ಕೆಳಗಿಟ್ಟು ಒಳಗೆ ಹೋದಳು. ಅವಳ ಮುಖ ನೋಡಿ, ಭಾವನನ್ನು ಯಾಕಾದರೂ ಕೆಣಕಿದೆನೋ ಅನ್ನಿಸಿತು.

ಮರುದಿನದಿಂದ ಹಿತ್ತಲ ಬಾಗಿಲು ಮುಚ್ಚಿತು. ಪುಟ್ಟಿ ಬಂದು ಬೇಲಿಗೆ ಮೂತಿ ತಿಕ್ಕುತ್ತ ನಿಲ್ಲುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿ ರೇಡಿಯೊ ಜೋರು ಮಾಡಿಕೊಂಡು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಒಂದು ಮಧ್ಯಾಹ್ನ ಧಡಕ್ಕನೆ ಬಾಗಿಲು ತೆಗೆದು ಹೊರಗೆ ಹೋದಳು. ಮುಗೀತು, ಬಿಸ್ಕತ್ತು ಕೊಟ್ಟೇಬಿಡುತ್ತಾಳೆ ಅಂದುಕೊಂಡು ನಾನೂ ಹಿಂದೆ ಓಡಿದೆ. ಅಕ್ಕ ಎರಡು ಪಾತ್ರೆಮುಚ್ಚಳ ಹಿಡಿದು ಬಡಿಯುತ್ತಿದ್ದಳು. "ಹೋಗೇ! ಹೋಗು ಅಂದ್ನಲ್ಲ! ಇನ್ನು ಈ ಕಡೆ ತಲೆ ಹಾಕಿದ್ರೆ ನೋಡು!" ಕಣ್ಣೀರು ಗಲ್ಲದ ಮೇಲೆ ಸುರಿಯುತ್ತಿತ್ತು, ಒರೆಸಲು ಕೈಗೆ ಬಿಡುವಿರಲಿಲ್ಲ. ಪುಟ್ಟಿ ಬೆದರಿ ಓಡಿತು. ಮತ್ತೆ ಬಂದಾಗಲೂ ಅಕ್ಕ ಹಾಗೇ ಓಡಿಸಿದಳು. ಆಮೇಲೆ ಅದು ಬರಲಿಲ್ಲ.

ಮಳೆ ಬಿದ್ದು ಹುಲ್ಲು ಮೊಳಕಾಲಿನವರೆಗೆ ಬೆಳೆದಾಗ ಭಾವ ಒಂದು ಬೆಳಗ್ಗೆ ನಮ್ಮಿಬ್ಬರನ್ನೂ ದೂರದ ನೀರಿನ ಗುಂಡಿಗೆ ಕರೆದುಕೊಂಡು ಹೋದರು. ಪೊದೆಯ ಹಿಂದೆ ಕೂರಿಸಿ, ಬಾಯಿಗೆ ಬೀಗ ಎಂದು ಸನ್ನೆ ಮಾಡಿದರು. ಜಿಂಕೆಗಳು ಬಂದವು. ಮೈ ತುಂಬಿಕೊಂಡು, ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಕಡೆಯಲ್ಲಿ ಪುಟ್ಟಿ, ಅದರ ಹೊಟ್ಟೆಗೆ ಒತ್ತಿಕೊಂಡು ಒಂದು ಮರಿ.

ಅಕ್ಕನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು "ಪುಟ್ಟೀ" ಎಂದುಬಿಟ್ಟಳು.

ಪುಟ್ಟಿ ತಲೆಯೆತ್ತಿ ನೆಟ್ಟಗೆ ಅವಳನ್ನೇ ನೋಡಿತು. ಮುಂಗಾಲನ್ನು ನೆಲಕ್ಕೆ ಬಡಿಯಿತು. ಮರುಕ್ಷಣ ಮರಿಯನ್ನು ಮುಂದೆ ಅಟ್ಟಿಕೊಂಡು ಹುಲ್ಲಿನೊಳಗೆ ಹೋಯಿತು.

ನನಗೆ ಅಕ್ಕನ ಕಡೆ ನೋಡಲು ಧೈರ್ಯವಾಗಲಿಲ್ಲ. ಭಾವ ತಡವರಿಸಿದರು. "ದೂರ ಇತ್ತಲ್ಲ, ನಿನ್ನ ಗುರುತು ಸಿಕ್ಕಿರಲ್ಲ ಬಿಡು."

"ಸುಮ್ನಿರ್ರೀ, ಚೆನ್ನಾಗೇ ಸಿಕ್ತು," ಎಂದಳು ಅಕ್ಕ, ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು. "ನೋಡಿದ್ರಾ, ಮರೀನ ಮುಂದೆ ಬಿಟ್ಕೊಂಡು ತಾನು ಹಿಂದೆ ಓಡಿದ್ಲು. ನನ್ನ ಕೈಯಿಂದ ಮರೀನ ಕಾಪಾಡ್ಕೊಂಡ್ಲು ಕಣ್ರೀ."